ಜೀಪು ಬೆಟ್ಟ ಹತ್ತುವಾಗ ಹೀಟ್ ಆಗುತ್ತಿದೆಯೇ? ಕೊಡಗಿನ ದಾರಿಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ತೋಟ ಗಾಳಿಬೀಡಿನ ಕಡೆ. ಅಂಗಳದಲ್ಲಿ ಎರಡು ಗಾಡಿ ನಿಂತಿರುತ್ತವೆ: ಅಪ್ಪ ಓಡಿಸುತ್ತಿದ್ದ ಮಹೀಂದ್ರ ಎಂಎಂ 540 ಜೀಪು, ನಾನು ಆಮೇಲೆ ತೆಗೆದುಕೊಂಡ ಸಿಆರ್‌ಡಿಇ (ಕಾಮನ್ ರೇಲ್ ಡೀಸೆಲ್ ಎಂಜಿನ್ನಿನ) ಥಾರ್. ಎರಡೂ ಬೇರೆ ಬೇರೆ ಕಾರಣಕ್ಕೆ ಹೀಟ್ ಆಗಿ ನನ್ನನ್ನು ನಡುದಾರಿಯಲ್ಲಿ ನಿಲ್ಲಿಸಿವೆ. ಒಂದೊಂದು ಸಲವೂ ಕಾರಣ ಹುಡುಕಿ ತೆಗೆದದ್ದು ಅಕ್ಕಪಕ್ಕದ ತೋಟದವರಿಗೆ ಗೊತ್ತಾಗಿ, ಈಗ ಯಾರ ಗಾಡಿಯ ಟೆಂಪರೇಚರ್ ಮೀಟರಿನ ಮುಳ್ಳು ಮೇಲೆ ಹೋದರೂ ನನಗೊಂದು ಫೋನ್ ಬರುತ್ತದೆ. ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ನಾನು ಮೊದಲು ಅವರಿಗೆ ತಿರುಗಿ ಕೇಳುವುದು ಒಂದೇ: ‘ಯಾವಾಗ ಹೀಟ್ ಆಯಿತು? ಹತ್ತುವಾಗಲೋ, ಓಡುವಾಗಲೋ, ನಿಂತಾಗಲೋ, ನೀರು ದಾಟಿದ ಮೇಲೋ?’ ಇದಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಸ್ಪ್ಯಾನರ್ ಹಿಡಿಯುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ.

ಮುಳ್ಳು ಕೆಂಪಿನ ಹತ್ತಿರ ಬಂದಿದೆ. ಈಗ, ಈ ಕ್ಷಣಕ್ಕೆ ಏನು ಮಾಡಲಿ?

ಎಸಿ ಇದ್ದರೆ ಆರಿಸಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಇಡಿ. ಹೀಟರ್ ಎಂದರೆ ಅದೂ ಒಂದು ಸಣ್ಣ ರೇಡಿಯೇಟರೇ. ಮುಖಕ್ಕೆ ಬಿಸಿಗಾಳಿ ಹೊಡೆದರೂ ಎಂಜಿನ್ನಿನ ಮೇಲಿನ ಹೊರೆ ಸ್ವಲ್ಪ ಇಳಿಯುತ್ತದೆ. ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ, ಆದರೆ ತಕ್ಷಣ ಆಫ್ ಮಾಡಬೇಡಿ. ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಆಕ್ಸಿಲರೇಟರ್ ಸ್ವಲ್ಪವೇ ಒತ್ತಿಹಿಡಿಯಿರಿ. ಬೆಲ್ಟಿನಲ್ಲಿ ತಿರುಗುವ ಫ್ಯಾನೂ ವಾಟರ್ ಪಂಪೂ ಐಡ್ಲಿಂಗ್‌ಗಿಂತ ಜೋರಾಗಿ ಓಡುತ್ತವೆ. ಒಂದೆರಡು ನಿಮಿಷದಲ್ಲಿ ಮುಳ್ಳು ಇಳಿಯತೊಡಗಿದರೆ ಹಾಗೇ ಇಳಿಯಲು ಬಿಡಿ.

ಇಳಿಯದಿದ್ದರೆ, ಆವಿ ಏಳುತ್ತಿದ್ದರೆ, ಅಥವಾ ಗಾಡಿಯ ಕೆಳಗೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಸುರಿಯುತ್ತಿದ್ದರೆ ಕೂಡಲೇ ಆಫ್ ಮಾಡಿ. ನೀರಿಲ್ಲದೆ ಓಡುವ ಒಂದೊಂದು ನಿಮಿಷವೂ ಹೆಡ್ಡನ್ನು, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳವನ್ನು, ಬಗ್ಗಿಸುತ್ತದೆ.

ನಮ್ಮ ಕಡೆಗೆ ಇನ್ನೊಂದು ಮಾತು ಸೇರಿಸಲೇಬೇಕು. ತಿತಿಮತಿಯಿಂದ ಆನೆಚೌಕೂರಿನ ಕಡೆ ಹೋಗುವ ಕಾಡಿನ ರಸ್ತೆಯಲ್ಲೋ, ಸಂಜೆಹೊತ್ತು ತೋಟದ ಓಣಿಯಲ್ಲೋ ಹೀಟ್ ಆದರೆ ಬಾನೆಟ್ ಎತ್ತಲು ಧಡಕ್ಕನೆ ಇಳಿಯಬೇಡಿ. ಮೊದಲು ಸುತ್ತ ನೋಡಿ, ಕಿವಿಗೊಟ್ಟು ಕೇಳಿ. ಬಿದಿರು ಮುರಿಯುವ ಸದ್ದು ಬಂದರೆ ಗಾಡಿಯೊಳಗೇ ಇರಿ. ಎಂಜಿನ್ ಆರಲು ಹೇಗೂ ಮುಕ್ಕಾಲು ಗಂಟೆ ಬೇಕು.

ರೇಡಿಯೇಟರ್ ಕ್ಯಾಪ್ ಎಷ್ಟು ಹೊತ್ತಾದ ಮೇಲೆ ತೆಗೆಯಬಹುದು?

ಮೇಲಿನ ದಪ್ಪ ಹೋಸ್ ಪೈಪನ್ನು ಬರಿಗೈಯಲ್ಲಿ ಹಿಡಿದು ಹಿಸುಕಲು ಆಗುವಷ್ಟು ತಣ್ಣಗಾದ ಮೇಲೆ. ಅದಕ್ಕೆ ಮುಂಚೆ ಬೇಡವೇ ಬೇಡ. ಪೈಪು ಕಲ್ಲಿನಂತೆ ಗಟ್ಟಿಯಿದ್ದರೆ ಒಳಗೆ ಒತ್ತಡ ಇದೆ ಎಂದೇ ಅರ್ಥ. ಮಾಂದಲಪಟ್ಟಿ ದಾರಿಯಲ್ಲಿ ಜೀಪುಗಳು ಸಾಲಾಗಿ ನಿಂತಿದ್ದ ಒಂದು ದಿನ, ಮುಂದಿನ ಗಾಡಿಯ ಹುಡುಗ ಒದ್ದೆ ಗೋಣಿಚೀಲ ಹಾಕಿ ಕ್ಯಾಪ್ ತಿರುಗಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಚೀಲ ಒಂದು ಕಡೆ ಹಾರಿತು, ನೀರು ಬಾನೆಟ್ಟಿನ ಎತ್ತರಕ್ಕೆ ಚಿಮ್ಮಿತು, ಅವನ ಮೊಣಕೈವರೆಗೆ ಚರ್ಮ ಸುಲಿದುಹೋಯಿತು. ಒತ್ತಡದಲ್ಲಿದ್ದ ನೀರು ನೂರು ಡಿಗ್ರಿ ದಾಟಿದ್ದರೂ ಕುದಿಯದೆ ಸುಮ್ಮನಿರುತ್ತದೆ. ಕ್ಯಾಪ್ ಸಡಿಲವಾದ ಕ್ಷಣಕ್ಕೆ ಅಷ್ಟೂ ಒಟ್ಟಿಗೆ ಆವಿಯಾಗಿ ಏಳುತ್ತದೆ. ಚೀಲ, ಬಟ್ಟೆ, ಕೈಗವಸು ಯಾವುದೂ ಅದನ್ನು ತಡೆಯುವುದಿಲ್ಲ.

ತಣ್ಣಗಾದ ಮೇಲೂ ಕ್ಯಾಪನ್ನು ಮೊದಲ ಮೆಟ್ಟಿಲಿನವರೆಗೆ ಮಾತ್ರ ತಿರುಗಿಸಿ, ಬುಸ್ ಎನ್ನುವ ಸದ್ದು ನಿಂತ ಮೇಲೆ ಒತ್ತಿ ಪೂರ್ತಿ ತೆಗೆಯಿರಿ. ಕಾದ ಎಂಜಿನ್ನಿಗೆ ತೋಡಿನ ತಣ್ಣೀರನ್ನು ಒಮ್ಮೆಲೇ ಸುರಿದರೆ ಹೆಡ್ ಸೀಳಬಹುದು. ಸ್ವಲ್ಪ ಸ್ವಲ್ಪವಾಗಿ, ಎಂಜಿನ್ ಐಡ್ಲಿಂಗ್‌ನಲ್ಲಿ ಇಟ್ಟುಕೊಂಡು ಹಾಕಿ.

ರಸ್ತೆಯಲ್ಲಿ ಗಾಡಿ ಸರಿಯಾಗಿಯೇ ಇದೆ. ಕಲ್ಲುದಾರಿಯಲ್ಲಿ, ಲೋಡ್ ಇಟ್ಟು ಹತ್ತುವಾಗ ಮಾತ್ರ ಹೀಟ್. ಏನಿರಬಹುದು?

ಇದೇ ಅತಿ ಹೆಚ್ಚು ಬರುವ ಪ್ರಶ್ನೆ. ನನ್ನ ಅನುಭವದಲ್ಲಿ ಇದಕ್ಕೆ ಬಹುಪಾಲು ಗಾಳಿಯೇ ಕಾರಣ.

ಡೀಸೆಲ್ಲಿನಿಂದ ಹುಟ್ಟುವ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಚಕ್ರಕ್ಕೆ ಹೋಗುತ್ತದೆ, ಅಷ್ಟೇ ಪಾಲು ಸೈಲೆನ್ಸರ್‌ನಲ್ಲಿ ಹೊರಬೀಳುತ್ತದೆ, ಉಳಿದದ್ದರಲ್ಲಿ ಹೆಚ್ಚಿನದನ್ನು ಕೂಲೆಂಟ್ ಹೊತ್ತೊಯ್ಯಬೇಕು. ಕುಶಾಲನಗರದ ರಸ್ತೆಯಲ್ಲಿ ಅರವತ್ತರ ವೇಗದಲ್ಲಿ ಹೋಗುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ಫ್ಯಾನ್ ಕೆಟ್ಟಿದ್ದರೂ ಗೊತ್ತಾಗುವುದಿಲ್ಲ. ಅದೇ ಗಾಡಿ ಕಲ್ಲಿನ ಏರಿನಲ್ಲಿ ನಡಿಗೆಯ ವೇಗದಲ್ಲಿ ಹತ್ತುವಾಗ ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಎದುರುಗಾಳಿ ಇಲ್ಲವೇ ಇಲ್ಲ. ಬರುವ ಗಾಳಿಯೆಲ್ಲ ಫ್ಯಾನ್ ಎಳೆದದ್ದು ಮಾತ್ರ. ಆದ್ದರಿಂದ ನಿಧಾನಕ್ಕೆ ಹೋಗುವಾಗ ಮಾತ್ರ ಹೀಟ್ ಆದರೆ ಫ್ಯಾನ್, ಫ್ಯಾನ್ ಬೆಲ್ಟ್, ಫ್ಯಾನ್ ಕೌಲ್ (ಫ್ಯಾನಿನ ಸುತ್ತ ಕೂರುವ ಹೊದಿಕೆ), ರೇಡಿಯೇಟರ್ ಫಿನ್ನು (ಟ್ಯೂಬುಗಳ ನಡುವಿನ ತೆಳು ತಗಡು) ಇವುಗಳನ್ನೇ ಮೊದಲು ನೋಡಿ.

ನಮ್ಮ ಎಂಎಂ 540ರ ಕತೆ ಹೇಳುತ್ತೇನೆ. ಜನವರಿಯಲ್ಲಿ ರೊಬಸ್ಟಾ ಕುಯ್ಲು. ಕೆಳಗಿನ ತೋಟದಿಂದ ಹಣ್ಣಿನ ಚೀಲ ತುಂಬಿ ಮೇಲಿನ ಕಣಕ್ಕೆ ಹತ್ತಿಸಬೇಕು. ಎರಡು ಟ್ರಿಪ್ ಸರಿ, ಮೂರನೆಯದಕ್ಕೆ ಮುಳ್ಳು ಮೇಲೆ. ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಬದಲಿಸಿದೆ. ವಾಟರ್ ಪಂಪ್ ಹೊಸದು ಹಾಕಿಸಿದೆ. ರೇಡಿಯೇಟರನ್ನು ಅಂಗಡಿಗೆ ಕೊಟ್ಟು, ಟ್ಯಾಂಕ್ ಬಿಚ್ಚಿಸಿ, ಟ್ಯೂಬುಗಳಿಗೆ ಕಂಬಿ ಆಡಿಸಿ ಕ್ಲೀನ್ ಮಾಡಿಸಿದೆ. ಮೂರನೇ ಟ್ರಿಪ್ಪಿಗೆ ಮತ್ತೆ ಮುಳ್ಳು ಅಲ್ಲೇ.

ಒಂದು ಬೆಳಿಗ್ಗೆ ಎಂಜಿನ್ ಐಡ್ಲಿಂಗ್‌ನಲ್ಲಿಟ್ಟು ಹಳೆಯ ದಿನಪತ್ರಿಕೆಯ ಒಂದು ಹಾಳೆಯನ್ನು ಗ್ರಿಲ್ಲಿಗೆ ಹಿಡಿದು ಕೈ ಬಿಟ್ಟೆ. ಫ್ಯಾನ್ ಗಾಳಿ ಎಳೆಯುತ್ತಿದ್ದರೆ ಹಾಳೆ ಗ್ರಿಲ್ಲಿಗೆ ಅಂಟಿ ನಿಲ್ಲಬೇಕು. ನಡುವೆ ಒಂದು ತಟ್ಟೆಯಗಲಕ್ಕೆ ಮಾತ್ರ ಹಾಳೆ ಒಳಕ್ಕೆ ಗುಳಿಬಿದ್ದು ಅಂಟಿತು. ನಾಲ್ಕು ಮೂಲೆಯೂ ಜೋತುಬಿದ್ದು ಪಟಪಟ ಹೊಡೆದುಕೊಳ್ಳುತ್ತಿದ್ದವು. ಬಾನೆಟ್ ಎತ್ತಿ ನೋಡಿದರೆ ಫ್ಯಾನಿನ ಸುತ್ತ ಇರಬೇಕಾದ ಕೌಲ್ ಇಲ್ಲ! ಹಿಂದಿನ ಮಳೆಗಾಲದಲ್ಲಿ ಒಂದು ಗ್ಯಾರೇಜಿನಲ್ಲಿ ಹೋಸ್ ಬದಲಿಸುವಾಗ ಅಡ್ಡ ಬರುತ್ತದೆಂದು ಬಿಚ್ಚಿದ್ದಾರೆ, ಮತ್ತೆ ಹಾಕಿಲ್ಲ. ಕೌಲ್ ಇಲ್ಲದಿದ್ದರೆ ಫ್ಯಾನ್ ತನ್ನ ಎಲೆಗಳ ಅಗಲದಷ್ಟು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ಅದರಲ್ಲೂ ಒಂದಷ್ಟು ಪಕ್ಕದಿಂದ ಸುತ್ತಿ ಬರುವ ಬಿಸಿಗಾಳಿ. ಹಳೆಯ ಸಾಮಾನು ಮಾರುವವರ ಹತ್ತಿರ ಒಂದು ತಗಡಿನ ಕೌಲ್ ಹುಡುಕಿ ತಂದು ಕೂರಿಸಿದ ಮೇಲೆ ಅದೇ ಏರು, ಅದೇ ಲೋಡು, ಆರು ಟ್ರಿಪ್ ಆದರೂ ಮುಳ್ಳು ಅಲ್ಲಾಡಲಿಲ್ಲ. ಹಳೆಯ ಜೀಪು ಇರುವವರು ಇವತ್ತೇ ಬಾನೆಟ್ ಎತ್ತಿ ಕೌಲ್ ಇದೆಯೇ ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಫ್ಯಾನ್ ತಿರುಗುತ್ತಲೇ ಇದೆ. ಅಂದರೆ ಫ್ಯಾನ್ ಸರಿ ಇದೆ ಎಂದಲ್ಲವೇ?

ವಿಸ್ಕಸ್ ಫ್ಯಾನ್ ಆಗಿದ್ದರೆ ಹಾಗೆ ಹೇಳಲಾಗದು. ಅದರ ನಡುವಿನ ಡಬ್ಬಿಯಲ್ಲಿ ಸಿಲಿಕೋನ್ ಎಣ್ಣೆ ಇರುತ್ತದೆ. ರೇಡಿಯೇಟರ್ ಮೂಲಕ ಬರುವ ಗಾಳಿ ಬಿಸಿಯಾದಾಗ ಮುಂಭಾಗದ ಸುರುಳಿ ತಿರುಚಿಕೊಂಡು ಆ ಎಣ್ಣೆಗೆ ದಾರಿ ಬಿಡುತ್ತದೆ, ಆಗ ಫ್ಯಾನ್ ಬಿಗಿಯಾಗಿ ಹಿಡಿದುಕೊಂಡು ಜೋರಾಗಿ ತಿರುಗುತ್ತದೆ. ಎಣ್ಣೆ ಸೋರಿಹೋದ ಫ್ಯಾನ್ ಸುಮ್ಮನೆ ಗಾಳಿಗೆ ತೇಲಿದಂತೆ ತಿರುಗುತ್ತಿರುತ್ತದೆ, ಕೆಲಸ ಮಾಡುವುದಿಲ್ಲ.

ಪರೀಕ್ಷೆ ಸುಲಭ. ಗಾಡಿಯನ್ನು ಚೆನ್ನಾಗಿ ಬಿಸಿ ಮಾಡಿ, ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು ಫ್ಯಾನನ್ನು ಬೆರಳಿನಿಂದ ತಳ್ಳಿ. ಜೇನಿನಲ್ಲಿ ಸೌಟು ಆಡಿಸಿದಂತೆ ತಡೆ ಇರಬೇಕು. ನಾಲ್ಕೈದು ಸುತ್ತು ಸಲೀಸಾಗಿ ತಿರುಗಿದರೆ ಕಪ್ಲಿಂಗ್, ಅಂದರೆ ಆ ಡಬ್ಬಿ, ಹೋಗಿದೆ. ಡಬ್ಬಿಯ ಮುಖದ ಮೇಲೆ ಧೂಳು ಅಂಟಿದ ಎಣ್ಣೆಗೆರೆ ಕಂಡರೂ ಅದೇ ಅರ್ಥ. ಇನ್ನೊಂದು ಗುರುತು ಕಿವಿಗೆ ಸಿಗುತ್ತದೆ. ಏರು ಹತ್ತುತ್ತಾ ಬಿಸಿಯೇರಿದಾಗ ಒಳ್ಳೆಯ ವಿಸ್ಕಸ್ ಫ್ಯಾನ್ ‘ಹೋ’ ಎಂದು ಗರ್ಜಿಸುತ್ತದೆ. ಆ ಸದ್ದು ಈಚೆಗೆ ಕೇಳಿಸುತ್ತಿಲ್ಲ ಎನಿಸಿದರೆ ಅನುಮಾನ ಪಡಿ.

ಎಲೆಕ್ಟ್ರಿಕ್ ಫ್ಯಾನ್ ಆದರೆ ಎಸಿ ಹಾಕಿದಾಗ ಓಡುತ್ತದೆಯೇ ನೋಡಿ. ಹೆಚ್ಚಿನ ಗಾಡಿಗಳಲ್ಲಿ ಓಡಬೇಕು. ಓಡದಿದ್ದರೆ ಫ್ಯೂಸ್, ರಿಲೇ, ಮೋಟಾರಿನ ಕನೆಕ್ಟರ್ ಈ ಕ್ರಮದಲ್ಲಿ ಹುಡುಕಿ. ಮಳೆಗಾಲ ಕಳೆದ ಗಾಡಿಯ ಕನೆಕ್ಟರಿನೊಳಗೆ ಹಸಿರು ಕಿಲುಬು ಹಿಡಿದಿರುವುದು ಇಲ್ಲಿ ಮಾಮೂಲು.

ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ಬಗ್ಗಬೇಕು. ಕನ್ನಡಿಯಂತೆ ಹೊಳೆಯುವ ಬೆಲ್ಟು ಬಿಗಿಯಿದ್ದರೂ ಜಾರುತ್ತದೆ.

ರೇಡಿಯೇಟರ್ ಮುಂದಿನಿಂದ ನೋಡಿದರೆ ಸ್ವಚ್ಛವಾಗಿಯೇ ಇದೆಯಲ್ಲ?

ಎಸಿ ಇರುವ ಗಾಡಿಯಲ್ಲಿ ಮುಂದೆ ಕಾಣುವುದು ಎಸಿಯ ಕಂಡೆನ್ಸರ್. ರೇಡಿಯೇಟರ್ ಅದರ ಹಿಂದೆ. ಕೆಸರೆಲ್ಲ ಕೂರುವುದು ಇವೆರಡರ ಮಧ್ಯದ ಸಂದಿಯಲ್ಲಿ.

ನಮ್ಮ ಕೆಂಪುಮಣ್ಣಿನ ಸ್ವಭಾವವೇ ಹಾಗೆ. ಒದ್ದೆಯಿದ್ದಾಗ ನೀರಿನಂತೆ ಒಳಗೆ ಹೋಗುತ್ತದೆ, ಕಾದ ಫಿನ್ನಿನ ಮೇಲೆ ಒಣಗಿದರೆ ಸುಟ್ಟ ಇಟ್ಟಿಗೆಯಾಗುತ್ತದೆ. ಅದರ ಮೇಲೆ ಸಿಲ್ವರ್ ಓಕಿನ ಎಲೆ, ಕಾಫಿ ಸಿಪ್ಪೆಯ ಹೊಟ್ಟು, ಬೆಟ್ಟದ ಹುಲ್ಲಿನ ಬೀಜ ಸೇರಿ ಕಂಬಳಿ ಹೊದಿಸಿದಂತಾಗುತ್ತದೆ. ಕತ್ತಲಾದ ಮೇಲೆ ಒಬ್ಬರು ಎಂಜಿನ್ ಕಡೆಯಿಂದ ಟಾರ್ಚ್ ಹಿಡಿಯಲಿ, ನೀವು ಗ್ರಿಲ್ಲಿನ ಕಡೆಯಿಂದ ನೋಡಿ. ಬೆಳಕು ಚುಕ್ಕಿಚುಕ್ಕಿಯಾಗಿ ಎಲ್ಲ ಕಡೆ ಕಾಣಬೇಕು. ಕತ್ತಲೆಯ ಪಟ್ಟಿ ಕಂಡ ಕಡೆ ಗಾಳಿಯೂ ಹೋಗುವುದಿಲ್ಲ. ಒಂದು ಗದ್ದೆಯ ಸ್ಪರ್ಧೆಯಿಂದ ಬಂದ ಪರಿಚಯದವರ ಜಿಪ್ಸಿಯಲ್ಲಿ ಕೆಳಗಿನ ಅರ್ಧ ಭಾಗ ಪೂರ್ತಿ ಕತ್ತಲೆ ಇತ್ತು. ಅವರು ಅದಕ್ಕೆ ಮುಂಚೆ ಎರಡು ಸಲ ಕೂಲೆಂಟ್ ಬದಲಿಸಿದ್ದರು.

ತೊಳೆಯುವಾಗ ನೀರು ಎಂಜಿನ್ ಕಡೆಯಿಂದ ಹೊರಕ್ಕೆ ಬರಬೇಕು, ಅಂದರೆ ಗಾಳಿ ಬರುವ ದಿಕ್ಕಿಗೆ ವಿರುದ್ಧ. ಮೊದಲು ನೀರು ಚಿಮುಕಿಸಿ ಅರ್ಧ ಗಂಟೆ ನೆನೆಯಲು ಬಿಡಿ, ಆಮೇಲೆ ತೋಟದ ಸಾಮಾನ್ಯ ಪೈಪಿನ ನೀರು ಸಾಕು. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಫಿನ್ನುಗಳು ಮಲಗಿಬಿಡುತ್ತವೆ. ಮಲಗಿದ ಫಿನ್ನು ಕೆಸರಿಗಿಂತ ಕೆಟ್ಟದು, ಅದನ್ನು ಒಂದೊಂದಾಗಿ ಎತ್ತಬೇಕು.

ವಿಂಚ್, ಫಾಗ್ ಲ್ಯಾಂಪ್, ದೊಡ್ಡ ಬಂಪರ್ ಹಾಕಿಸಿದ್ದರಿಂದ ಹೀಟ್ ಆಗಬಹುದೇ?

ಆಗಬಹುದು. ಗ್ರಿಲ್ಲಿನ ಮುಂದೆ ನಿಲ್ಲಿಸಿದ್ದೆಲ್ಲ ಗಾಳಿಗೆ ಅಡ್ಡ. ದೀಪಗಳನ್ನು ಗ್ರಿಲ್ಲಿನಿಂದ ಪಕ್ಕಕ್ಕೆ ಸರಿಸಿ ಒಂದು ವಾರ ಓಡಿಸಿ ನೋಡಿ, ಖರ್ಚಿಲ್ಲದ ಪರೀಕ್ಷೆ. ದೊಡ್ಡ ಟೈರು ಹಾಕಿಸಿದ್ದರೆ ಗೇರಿನ ಅನುಪಾತವೇ ಬದಲಾದಂತೆ, ಅದೇ ಏರಿಗೆ ಎಂಜಿನ್ ಹೆಚ್ಚು ತಿಣುಕುತ್ತದೆ.

ತೋಡು ದಾಟಿದ ಮೇಲೆ ಹೀಟ್ ಆಗಲು ಶುರುವಾಯಿತು. ನೀರಿನಿಂದ ತಣ್ಣಗಾಗಬೇಕಿತ್ತಲ್ಲವೇ?

ತಿರುಗುವ ಫ್ಯಾನಿಗೆ ನೀರು ಸಿಕ್ಕರೆ ಅದರ ಎಲೆ ಮುಂದಕ್ಕೆ ಬಗ್ಗುತ್ತದೆ, ರೇಡಿಯೇಟರಿಗೆ ತಾಗಿ ಸೀಳಲೂಬಹುದು. ಎಲೆಕ್ಟ್ರಿಕ್ ಫ್ಯಾನಿನ ಮೋಟಾರು ಸುಡಬಹುದು. ಒದ್ದೆಯಾದ ಬೆಲ್ಟು ಜಾರಬಹುದು. ಜೊತೆಗೆ ಪಾಚಿ, ಎಲೆ, ಪ್ಲಾಸ್ಟಿಕ್ ಚೀಲ ಬಂದು ಗ್ರಿಲ್ಲಿಗೆ ಮೆತ್ತಿಕೊಂಡಿರುತ್ತವೆ. ಆದ್ದರಿಂದ ನೀರು ಫ್ಯಾನಿನ ಮಟ್ಟಕ್ಕೆ ಬರುವಂತಿದ್ದರೆ ದಾಟುವ ಮೊದಲು ಕೋಲಿನಿಂದ ಆಳ ಅಳೆಯಿರಿ. 2020ರ ನಂತರದ ಥಾರ್‌ಗೆ ಕಂಪನಿಯೇ ಹೇಳಿರುವ ಮಿತಿ 650 ಮಿಲಿಮೀಟರ್, ಅದೂ ನಿಂತ ನೀರಿನಲ್ಲಿ ನಿಧಾನಕ್ಕೆ ಹೋದರೆ. ಜುಲೈನ ತೋಡು ನಿಂತ ನೀರಲ್ಲ.

ಬೆಟ್ಟ ಹತ್ತಿ ಬಂದ ಕೂಡಲೇ ಕಾದ ಎಂಜಿನ್ನನ್ನು ತಣ್ಣೀರಿಗೆ ಇಳಿಸಬೇಡಿ. ಹತ್ತು ನಿಮಿಷ ನಿಲ್ಲಿಸಿ. ಸ್ನಾರ್ಕೆಲ್ ಇದ್ದರೆ ಎಂಜಿನ್ ಉಸಿರಾಡುವ ಗಾಳಿಗೆ ನೀರು ಸೇರುವುದು ತಪ್ಪುತ್ತದೆ ಅಷ್ಟೇ, ಕೂಲಿಂಗಿಗೂ ಅದಕ್ಕೂ ಸಂಬಂಧವಿಲ್ಲ.

ನನ್ನದು ತಿರುವುಮುರುವು. ನಿಧಾನಕ್ಕೆ ಹೋದರೆ ಸರಿ, ಹೆದ್ದಾರಿಯಲ್ಲಿ ಜೋರಾಗಿ ಹೋದರೆ ಹೀಟ್.

ಹಾಗಾದರೆ ಫ್ಯಾನ್ ಬಿಡಿ, ನೀರು ಹರಿಯುವ ದಾರಿ ನೋಡಿ. ರೇಡಿಯೇಟರಿನ ಟ್ಯೂಬುಗಳು ಒಳಗೆ ಕಟ್ಟಿಕೊಂಡಿರಬಹುದು. ಎಂಜಿನ್ ಬಿಸಿಯಾಗಿ ಆಫ್ ಮಾಡಿದ ಮೇಲೆ, ಫ್ಯಾನಿನಿಂದ ಕೈ ದೂರ ಇಟ್ಟು, ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ರೇಡಿಯೇಟರಿನ ಮೈಮೇಲೆ ಉದ್ದಕ್ಕೂ ನೋಡಿ. ನಡುನಡುವೆ ತಣ್ಣನೆಯ ತೇಪೆಗಳು ಸಿಕ್ಕರೆ ಅಲ್ಲಿ ನೀರು ಹರಿಯುತ್ತಿಲ್ಲ.

ಕೆಳಗಿನ ಹೋಸ್ ಪೈಪನ್ನೂ ಗಮನಿಸಿ. ಅದು ಪಂಪು ನೀರನ್ನು ಎಳೆದುಕೊಳ್ಳುವ ಕಡೆ. ಒಬ್ಬರು ರೇಸ್ ಕೊಡುವಾಗ ಆ ಪೈಪು ಹೀರಿದಂತೆ ಚಪ್ಪಟೆಯಾದರೆ, ರೇಡಿಯೇಟರ್ ಕಟ್ಟಿದೆ, ಇಲ್ಲವೇ ಪೈಪೇ ಮೆತ್ತಗಾಗಿದೆ, ಇಲ್ಲವೇ ಒಳಗಿದ್ದ ಸ್ಪ್ರಿಂಗ್ ತುಕ್ಕು ಹಿಡಿದು ಮುರಿದಿದೆ. ಇವೆಲ್ಲ ಸರಿಯಿದ್ದರೆ ವಾಟರ್ ಪಂಪ್. ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ಕೂಲೆಂಟಿನ ಬಣ್ಣದ ಗೆರೆ ಇಳಿದಿದ್ದರೆ ಸೀಲ್ ಹೋಗಿದೆ. ಬರೀ ನೀರಿನಲ್ಲಿ ವರ್ಷಗಟ್ಟಲೆ ಓಡಿದ ಎಂಜಿನ್ನಿನ ಪಂಪಿನಲ್ಲಿ ಒಳಗಿನ ರೆಕ್ಕೆಗಳೇ ತುಕ್ಕಿಗೆ ಸವೆದು ಸಣ್ಣಗಾಗಿರುವುದೂ ಉಂಟು.

ಸಂಪಾಜೆ ಘಾಟಿ ಹತ್ತುವಾಗ ಹೀಟ್, ಜೊತೆಗೆ ಕಪ್ಪು ಹೊಗೆ, ಎಳೆತವೂ ಇಲ್ಲ ಎಂದರೆ ಏರ್ ಫಿಲ್ಟರ್, ಜಾಮ್ ಆದ ಬ್ರೇಕು, ಜಾರುವ ಕ್ಲಚ್ಚು ಇವನ್ನೂ ನೋಡಿ. ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿದ್ದನ್ನು ತೆಗೆಯಲು ಮರೆತವರನ್ನೂ ಕಂಡಿದ್ದೇನೆ.

ಥರ್ಮೋಸ್ಟಾಟ್ ತೆಗೆದುಬಿಡಿ, ಸರಿಹೋಗುತ್ತದೆ ಎನ್ನುತ್ತಾರೆ. ತೆಗೆಯಲೇ?

ಬೇಡ. ಈ ಸಲಹೆಯಿಂದ ಹಾಳಾದ ಎಂಜಿನ್ನುಗಳನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಮಡಿಕೇರಿಯ ಚಳಿಗೆ ಕಾಯುವುದೇ ಇಲ್ಲ. ತಣ್ಣಗೆ ಓಡುವ ಡೀಸೆಲ್ ಎಂಜಿನ್ ಹೊಗೆ ಉಗುಳುತ್ತದೆ, ಹೆಚ್ಚು ಡೀಸೆಲ್ ಕುಡಿಯುತ್ತದೆ, ಬೋರು ಬೇಗ ಸವೆಯುತ್ತದೆ. ಇನ್ನು ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಹಿಂಭಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಂಥದ್ದರಲ್ಲಿ ತೆಗೆದರೆ ಬೈಪಾಸ್ ಸದಾ ತೆರೆದೇ ಇದ್ದು, ಒಂದಷ್ಟು ಬಿಸಿನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ವಾಪಸ್ಸಾಗುತ್ತದೆ. ಹೀಟ್ ಮೊದಲಿಗಿಂತ ಹೆಚ್ಚುತ್ತದೆ.

ಅನುಮಾನವಿದ್ದರೆ ಪರೀಕ್ಷಿಸಿ. ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ದಾರದಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ಒಲೆಯ ಮೇಲೆ ಕಾಯಿಸಿ. ಅದರ ಮೈಮೇಲೆ 82 ಎಂದು ಕೊರೆದಿದ್ದರೆ ಆ ಡಿಗ್ರಿಯ ಆಸುಪಾಸಿನಲ್ಲಿ ತೆರೆಯಲು ಶುರುವಾಗಬೇಕು. ಪೂರ್ತಿ ತೆರೆಯಲು ಇನ್ನೂ ಹತ್ತು ಹನ್ನೆರಡು ಡಿಗ್ರಿ ಬೇಕು. ಇಲ್ಲೊಂದು ವಿಷಯ ಗಮನದಲ್ಲಿರಲಿ: ಮಡಿಕೇರಿಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. 88ರ ಥರ್ಮೋಸ್ಟಾಟ್ ಇಲ್ಲಿನ ಒಲೆಯ ಮೇಲೆ ಪೂರ್ತಿ ಬಾಯಿ ಬಿಡದಿದ್ದರೆ ಅದು ಕೆಟ್ಟಿದೆ ಎಂದು ಎಸೆಯಬೇಡಿ. ಸರಿಯಾಗಿ ತೆರೆಯಲು ಶುರುವಾಯಿತೇ, ತಣ್ಣಗಾದಾಗ ಮುಚ್ಚಿತೇ ಎಂಬುದನ್ನು ನೋಡಿ.

ಎತ್ತರಕ್ಕೆ ಹೋದಷ್ಟೂ ನೀರು ಬೇಗ ಕುದಿಯುತ್ತದಂತೆ. ಗಾಡಿಗೂ ಅದು ತಟ್ಟುತ್ತದೆಯೇ?

ಕ್ಯಾಪ್ ಚೆನ್ನಾಗಿದ್ದರೆ ಅಷ್ಟಾಗಿ ತಟ್ಟುವುದಿಲ್ಲ. ಪ್ರತಿ 300 ಮೀಟರ್ ಎತ್ತರಕ್ಕೆ ಕುದಿಯುವ ಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಮಡಿಕೇರಿ ಸುಮಾರು 1,150 ಮೀಟರ್, ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ 1,748. ಆದರೆ ರೇಡಿಯೇಟರ್ ಕ್ಯಾಪ್ ಒಳಗೆ ಒತ್ತಡವನ್ನು ಕಟ್ಟಿಹಿಡಿಯುತ್ತದೆ. 0.9 (ಬಾರ್ ಒತ್ತಡ) ಎಂದು ಬರೆದ ಕ್ಯಾಪ್ ಇದ್ದರೆ ಮಡಿಕೇರಿಯಲ್ಲೂ ಬರೀ ನೀರು 116 ಡಿಗ್ರಿಯ ಆಸುಪಾಸಿನವರೆಗೆ ಕುದಿಯದೆ ತಡೆದುಕೊಳ್ಳುತ್ತದೆ.

ಅದೇ ಕ್ಯಾಪಿನ ರಬ್ಬರ್ ಒಡೆದಿದ್ದರೆ ಆ ಇಪ್ಪತ್ತು ಡಿಗ್ರಿಯ ರಕ್ಷಣೆ ಪೂರ್ತಿ ಹೋಯಿತು. ಎಂಜಿನ್ ಸರಿಯಾಗಿಯೇ 95ರಲ್ಲಿ ಓಡುತ್ತಿದ್ದರೂ ಬೆಟ್ಟದ ಮೇಲೆ ನೀರು ಕುದಿದು ಉಕ್ಕುತ್ತದೆ. ಸಾವಿರಾರು ರೂಪಾಯಿಯ ಕೆಲಸ ಮಾಡಿಸುವ ಮೊದಲು ಕ್ಯಾಪ್ ಬದಲಿಸಿ ನೋಡಿ. ಅದೇ ಅಂಕಿಯ ಕ್ಯಾಪೇ ಆಗಬೇಕು, ಹೆಚ್ಚಿನದು ಹಾಕಿದರೆ ಹಳೆಯ ಹೋಸು ಸಿಡಿಯುತ್ತದೆ.

ಕ್ಯಾಪಿನಲ್ಲಿ ಇನ್ನೊಂದು ಪುಟ್ಟ ವಾಲ್ವ್ ಇದೆ. ಎಂಜಿನ್ ಆರುವಾಗ ಅದು ಓವರ್‌ಫ್ಲೋ ಬಾಟಲಿಯಿಂದ ಕೂಲೆಂಟನ್ನು ವಾಪಸ್ಸು ಎಳೆದುಕೊಳ್ಳಬೇಕು. ಬೆಳಿಗ್ಗೆ ಮೇಲಿನ ಹೋಸು ಸೊರಗಿ ಚಪ್ಪಟೆಯಾಗಿದ್ದು ಬಾಟಲಿ ಮಾತ್ರ ತುಂಬಿದ್ದರೆ ಆ ವಾಲ್ವ್ ಅಂಟಿಕೊಂಡಿದೆ.

ಇಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯಿಲ್ಲ. ಕೂಲೆಂಟ್ ಯಾಕೆ, ಬರೀ ನೀರು ಸಾಲದೇ?

ತುಕ್ಕು ತಡೆಯಲು ಬೇಕು. ಪಂಪಿನ ಸೀಲಿಗೆ ಬೇಕು. ಬೋರ್‌ವೆಲ್ ನೀರಿನ ಸುಣ್ಣದಂಶ ಟ್ಯೂಬಿನೊಳಗೆ ಪಾತ್ರೆಯ ತಳದಂತೆ ಕಟ್ಟಿಕೊಳ್ಳದಿರಲು ಬೇಕು. ಸಮಸಮ ಬೆರೆಸಿದ ಕೂಲೆಂಟಿನ ಕುದಿಯುವ ಬಿಂದುವೂ ನೀರಿಗಿಂತ ಆರೇಳು ಡಿಗ್ರಿ ಹೆಚ್ಚು. ಬೆರೆಸಲು ಡಿಸ್ಟಿಲ್ಡ್ ವಾಟರ್ ತನ್ನಿ, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಆಸಿಡ್ ಕ್ಯಾನನ್ನು ತಪ್ಪಿ ತರದಂತೆ ಎಚ್ಚರ. ದಾರಿಯಲ್ಲಿ ತೋಡಿನ ನೀರು ಹಾಕಬೇಕಾಗಿ ಬಂದರೆ ಹಾಕಿ, ಬಟ್ಟೆಯಲ್ಲಿ ಸೋಸಿ. ಮನೆಗೆ ಬಂದ ವಾರದೊಳಗೆ ಪೂರ್ತಿ ಇಳಿಸಿ ಹೊಸದು ತುಂಬಿಸಿ.

ತುಂಬಿಸುವಾಗ ಗಾಡಿಯ ಮೂತಿ ಏರಿನ ಕಡೆ ಇರಲಿ, ಹೀಟರ್ ಬಿಸಿಗೆ ತಿರುಗಿಸಿರಲಿ. ಗಾಳಿ ಗುಳ್ಳೆ ಮೇಲೇರಿ ಹೊರಬರುತ್ತದೆ. ಕೂಲೆಂಟ್ ಬದಲಿಸಿದ ಮರುದಿನವೇ ಹೀಟ್ ಆದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಎಂದು ಧೈರ್ಯವಾಗಿ ಊಹಿಸಬಹುದು.

ಎಲ್ಲೂ ಸೋರಿಕೆ ಕಾಣುತ್ತಿಲ್ಲ, ಆದರೂ ನೀರು ಕಡಿಮೆಯಾಗುತ್ತಲೇ ಇದೆ. ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವಿನ ಸೀಲ್) ಹೋಗಿದೆಯೇ?

ಇರಬಹುದು, ಆದರೆ ಹೆಡ್ ಬಿಚ್ಚಲು ಒಪ್ಪುವ ಮೊದಲು ನೀವೇ ನೋಡಬೇಕಾದವು ಕೆಲವು ಇವೆ. ರಾತ್ರಿಯಿಡೀ ತಣ್ಣಗಾದ ಗಾಡಿಯ ಕ್ಯಾಪ್ ತೆಗೆದು, ರೇಡಿಯೇಟರ್ ಬಾಯಿವರೆಗೆ ನೀರಿಟ್ಟು ಸ್ಟಾರ್ಟ್ ಮಾಡಿ. ಮೊದಲ ಒಂದೆರಡು ನಿಮಿಷ ಅಷ್ಟೇ. ಗುಳುಗುಳು ಎಂದು ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಸಿಲಿಂಡರಿನ ಗ್ಯಾಸು ನೀರಿಗೆ ನುಗ್ಗುತ್ತಿದೆ. ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿದಾಗ, ಎಂಜಿನ್ ಇನ್ನೂ ಬಿಸಿಯಾಗುವ ಮೊದಲೇ ಮೇಲಿನ ಹೋಸು ಗಟ್ಟಿಯಾದರೂ ಅದೇ. ಗ್ಯಾರೇಜಿನಲ್ಲಿ ನೀಲಿ ದ್ರವದ ಪರೀಕ್ಷೆಯಿದ್ದರೆ ಮಾಡಿಸಿ: ರೇಡಿಯೇಟರಿನ ಗಾಳಿ ಹಾಯಿಸಿದಾಗ ದ್ರವ ಹಳದಿಗೆ ತಿರುಗಿದರೆ ಅನುಮಾನ ಬೇಡ.

ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ಬಂದಿದ್ದರೆ ಗಾಡಿಯನ್ನು ಸ್ಟಾರ್ಟ್ ಕೂಡ ಮಾಡಬೇಡಿ, ಎಳೆಸಿಕೊಂಡು ಹೋಗಿ. ಆದರೆ ಆಯಿಲ್ ಹಾಕುವ ಮುಚ್ಚಳದ ಒಳಬದಿಯಲ್ಲಿ ಮಾತ್ರ ಬಿಳಿ ನೊರೆ ಅಂಟಿದ್ದರೆ ಗಾಬರಿ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ತೇವಕ್ಕೆ, ಮನೆಯಿಂದ ಪೇಟೆಗೆ ಸಣ್ಣ ಸಣ್ಣ ಓಡಾಟ ಮಾಡುವ ಗಾಡಿಗಳಲ್ಲಿ ಅದು ಬರುತ್ತದೆ. ಒಂದು ಗಂಟೆ ದೂರದ ಪ್ರಯಾಣ ಮಾಡಿದರೆ ಆರಿಹೋಗುತ್ತದೆ. ಈ ನೊರೆಯನ್ನೇ ತೋರಿಸಿ ಹೆಡ್ ಬಿಚ್ಚಿಸಿದ ಒಬ್ಬರು ನನಗೆ ಗೊತ್ತು. ಗ್ಯಾಸ್ಕೆಟ್ ಹೊಸದರಂತೆ ಇತ್ತು.

ಹೆಡ್ ಬಿಚ್ಚಿದ್ದೇ ಆದರೆ ಗ್ಯಾಸ್ಕೆಟ್ ಮಾತ್ರ ಬದಲಿಸಿ ಮುಚ್ಚಲು ಬಿಡಬೇಡಿ. ಲೇತ್‌ಗೆ ಕೊಟ್ಟು ಹೆಡ್ ಬಗ್ಗಿದೆಯೇ, ಬಿರುಕು ಬಿಟ್ಟಿದೆಯೇ ನೋಡಿಸಿ.

ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕುತ್ತಾರಲ್ಲ, ಅದು ನಿಜವೇ?

ಸೂಜಿಮೊನೆಯಷ್ಟು ತೂತಿಗೆ ನಿಜವಾಗಿಯೂ ನಿಲ್ಲುತ್ತದೆ. ಪುಡಿ ಉಬ್ಬಿ ತೂತಿನಲ್ಲಿ ಕೂರುತ್ತದೆ. ಕಾಡಿನ ನಡುವೆ ಬೇರೆ ದಾರಿಯಿಲ್ಲದಾಗ ನಾನೂ ಹಾಕಿದ್ದೇನೆ. ಆದರೆ ಅದು ತೂತನ್ನು ಮಾತ್ರ ಹುಡುಕಿಕೊಂಡು ಹೋಗುವುದಿಲ್ಲ, ಒಳ್ಳೆಯ ಟ್ಯೂಬಿನಲ್ಲೂ ಹೀಟರಿನಲ್ಲೂ ಕೂರುತ್ತದೆ. ಮನೆ ತಲುಪಿದ ಮೇಲೆ ಫ್ಲಶ್ ಮಾಡಿಸಿ, ತೂತಿಗೆ ಬೆಸುಗೆ ಹಾಕಿಸಿ. ಹೋಸು ಸೀಳಿದ್ದರೆ ಹಳೆಯ ಟ್ಯೂಬಿನ ರಬ್ಬರ್ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ಬೈಂಡಿಂಗ್ ವೈರ್ ಕಟ್ಟಿ. ಕ್ಯಾಪನ್ನು ಮೊದಲ ಮೆಟ್ಟಿಲಲ್ಲೇ ಬಿಟ್ಟರೆ ಒತ್ತಡ ಏರದೆ ಕಟ್ಟು ನಿಲ್ಲುತ್ತದೆ. ಆಗ ನೀರು ಬೇಗ ಕುದಿಯುತ್ತದೆ, ಆದ್ದರಿಂದ ನಿಧಾನಕ್ಕೆ, ಮಧ್ಯೆ ಮಧ್ಯೆ ನಿಲ್ಲಿಸಿಕೊಂಡು ಬನ್ನಿ.

ಮೀಟರಿನ ಮುಳ್ಳನ್ನು ಎಷ್ಟು ನಂಬಬಹುದು?

ಹೊಸ ಗಾಡಿಗಳಲ್ಲಿ ಮುಳ್ಳು ದೊಡ್ಡ ವ್ಯಾಪ್ತಿಯವರೆಗೆ ನಡುವೆಯೇ ನಿಂತಿರುವಂತೆ ಮಾಡಿರುತ್ತಾರೆ. ಅದು ಮೇಲೇರುವ ಹೊತ್ತಿಗೆ ತಡವಾಗಿರುತ್ತದೆ. ಕಾಮನ್ ರೇಲ್ ಎಂಜಿನ್ ಇರುವವರು ಒಂದು ಓಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಸಣ್ಣ ಸಾಧನ) ಹಾಕಿಕೊಂಡು ಮೊಬೈಲಿನಲ್ಲಿ ನಿಜವಾದ ಡಿಗ್ರಿ ನೋಡಿ. ಸಾಮಾನ್ಯ ದಿನ ಯಾವ ಏರಿನಲ್ಲಿ ಎಷ್ಟಿರುತ್ತದೆ ಎಂದು ಬರೆದಿಟ್ಟುಕೊಂಡರೆ, ಐದು ಡಿಗ್ರಿ ಹೆಚ್ಚಾದ ದಿನವೇ ಫಿನ್ನು ತೊಳೆಯುವ ಕಾಲ ಬಂತೆಂದು ಗೊತ್ತಾಗುತ್ತದೆ. ನಾನು ಥಾರ್‌ನಲ್ಲಿ ಹೀಗೆಯೇ ಮಾಡುತ್ತೇನೆ.

ಭಯಪಡಬೇಕಾದ್ದು ಬಿಸಿಯಾಗಿದ್ದ ಮುಳ್ಳು ಏರಿನಲ್ಲೇ ಧುತ್ತನೆ ಕೆಳಗೆ ಬಿದ್ದಾಗ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ನೀರೆಲ್ಲ ಹೋಗಿ ಅದು ಬರೀ ಗಾಳಿಯಲ್ಲಿ ನಿಂತರೆ ತಪ್ಪು ತೋರಿಸಬಹುದು. ಕೂಡಲೇ ಹೀಟರ್ ಹಾಕಿ: ಬಿಸಿ ಎಂಜಿನ್ನಿನ ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ನೀರಿಲ್ಲ, ಅಲ್ಲೇ ಆಫ್ ಮಾಡಿ. ಘಾಟಿ ಇಳಿಯುವಾಗ ಮುಳ್ಳು ನಿಧಾನಕ್ಕೆ ಇಳಿಯುವುದು ಮಾತ್ರ ಸಹಜ.

ಓಡಿಸುವ ರೀತಿಯಿಂದಲೂ ಹೀಟ್ ಆಗುತ್ತದೆಯೇ?

ಖಂಡಿತ. ಹೈ ರೇಂಜಿನ ಫಸ್ಟ್ ಗೇರಿನಲ್ಲಿ ಹಾಫ್ ಕ್ಲಚ್ ಹಿಡಿದು ಗಾಡಿಯನ್ನು ತಿಣುಕಿಸುತ್ತಾ ಹತ್ತಿಸುವವರು ಬಹಳ. ಏರು ಶುರುವಾಗುವ ಮೊದಲೇ ಲೋ ರೇಂಜಿಗೆ (ಫೋರ್ ವೀಲ್ ಗಾಡಿಯ ನಿಧಾನ, ಬಲದ ಗೇರಿಗೆ) ಹಾಕಿ. ಎಂಜಿನ್ ಹಗುರಾಗಿ, ಸ್ವಲ್ಪ ಹೆಚ್ಚು ಸುತ್ತಿನಲ್ಲಿ ತಿರುಗುತ್ತದೆ. ಅದರೊಂದಿಗೆ ಪಂಪೂ ಫ್ಯಾನೂ ಜೋರಾಗಿ ತಿರುಗುತ್ತವೆ. ಮೇಲೆ ತಲುಪಿದ ಮೇಲೆ ಎರಡು ಮೂರು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಆಫ್ ಮಾಡಿ, ಟರ್ಬೊ ಇದ್ದರಂತೂ ತಪ್ಪದೆ.

ಬಾನೆಟ್ ಅರ್ಧ ತೆರೆದಿಟ್ಟು ಓಡಿಸಬಹುದೇ?

ಬೇಡ. ತಿರುವಿನಲ್ಲಿ ಗಾಳಿಗೆ ಎದ್ದು ಗಾಜಿಗೆ ಬಡಿದರೆ ಮುಂದೆ ಏನೂ ಕಾಣುವುದಿಲ್ಲ.

ಇಳಿಸಿದ ಹಳೆಯ ಕೂಲೆಂಟ್ ಏನು ಮಾಡಲಿ? ಚರಂಡಿಗೆ ಬಿಡಬಹುದೇ?

ಬಿಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ನಾಯಿಗಳು ನೆಕ್ಕಿ ಕುಡಿಯುತ್ತವೆ, ದನಕರುಗಳಿಗೂ ವಿಷ. ತೋಟದ ನಾಯಿಗಳು ಗಾಡಿಯ ಕೆಳಗೇ ಮಲಗುತ್ತವೆ, ಆದ್ದರಿಂದ ಒಂದೆರಡು ಹನಿ ಸೋರಿದರೂ ನೀರು ಸುರಿದು ತೊಳೆಯಿರಿ. ಇಳಿಸಿದ್ದನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಹಳೆಯ ಎಂಜಿನ್ ಆಯಿಲ್ ಜೊತೆ ಬೆರೆಸದೆ, ತೆಗೆದುಕೊಳ್ಳುವ ಸರ್ವಿಸ್ ಸೆಂಟರಿಗೆ ಕೊಡಿ. ನಾಯಿ ಕುಡಿದದ್ದು ಕಂಡರೆ ವಾಂತಿ, ತೂರಾಟ ಶುರುವಾಗಲಿ ಎಂದು ಕಾಯಬೇಡಿ. ಆ ಕ್ಷಣವೇ ಗಾಡಿಗೆ ಹಾಕಿಕೊಂಡು ಪಶುವೈದ್ಯರ ಹತ್ತಿರ ಓಡಿ, ಕೂಲೆಂಟ್ ಕ್ಯಾನನ್ನೂ ಜೊತೆಗೆ ಒಯ್ಯಿರಿ. ಮೂತ್ರಪಿಂಡ ಕೆಡುವ ಮೊದಲಿನ ಕೆಲವೇ ಗಂಟೆಗಳಲ್ಲಿ ಮಾತ್ರ ಅವರು ಏನಾದರೂ ಮಾಡಬಲ್ಲರು.